ಒಂದು ಕೈ ಕಡಿಮೆ

ಗಲ್ಲಕ್ಕೆ ಸೋಪಿನ ನೊರೆ ಹಚ್ಚಿ ಆಗಿತ್ತು. ರೇಜರು ಹಿಡಿದ ನೇಕಾರ ಯಮನೂರಪ್ಪ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಪಾಸ್ಟರ್ ಕನಕರಾಜರ ಮುಖವನ್ನೇ ನೋಡುತ್ತ ಕೂತಿದ್ದ. ಬದುಕಿದ್ದವರಾದರೆ ಗಲ್ಲ ಉಬ್ಬಿಸಿ ಕೊಡುತ್ತಾರೆ, ಮೇಲ್ದುಟಿಯನ್ನು ಒಳಗೆಳೆದುಕೊಳ್ಳುತ್ತಾರೆ, ಕುತ್ತಿಗೆ ಎತ್ತುತ್ತಾರೆ. ಸತ್ತವರು ಯಾವುದಕ್ಕೂ ಅನುಕೂಲ ಮಾಡಿಕೊಡುವುದಿಲ್ಲ.

ಪಕ್ಕದಲ್ಲಿ ಬಿಸಿನೀರಿನ ಬೋಗುಣಿ ಹಿಡಿದು ಫಕ್ಕೀರಪ್ಪ ನಿಂತಿದ್ದ. ಗದಗ, ಬೆಟಗೇರಿ ನಡುವೆ ಆಟೋ ಓಡಿಸುವ ಮನುಷ್ಯ. ಪಾಸ್ಟರ ಸಭೆಯಲ್ಲಿ ಚಾಪೆ ಹಾಸುವುದರಿಂದ ಹಿಡಿದು ಜಗಳ ಬಿಡಿಸುವವರೆಗೆ ಎಲ್ಲದಕ್ಕೂ ಅವನೇ ಮುಂದು. ಸುಮ್ಮನಿರುವ ಬಾಯಿ ಅಲ್ಲ ಅವನದು.

“ಜಲ್ದಿ ಮುಗಸಲೇ. ಹುಬ್ಬಳ್ಳಿ ಪಾಸ್ಟರ್ರು ಅಣ್ಣಿಗೇರಿ ದಾಟ್ಯಾರಂತ.”

“ಕೈ ನಡಗಾಕ ಹತ್ತೈತಿ.”

“ಈಗ ನಡಗತೈತಿ. ಮೂರು ಸಲ ಕೇಳಿದ್ರಲ್ಲ ಪಾಸ್ಟರ್ರು, ಆವಾಗ ಕಲ್ಲಾಗಿ ಕುಂತಿತ್ತು. ಅವರ ಮಾತಿಗೆ ಎತ್ತಲಾರದ ಕೈ, ಈಗ ಅವರ ಗಡ್ಡಕ್ಕ ಎತ್ತೀದಿ.”

ಯಮನೂರಪ್ಪ ರೇಜರನ್ನು ಬೋಗುಣಿಯ ನೀರಿಗೆ ಅದ್ದಿದ. ಓಣಿಗೆಲ್ಲ ಗೊತ್ತಿದ್ದ ಸಂಗತಿ ಅದು. ಹೋದ ವರ್ಷ ಪಾಸ್ಟರ ಎದೆ ಸೋತಿತ್ತು. ಹತ್ತು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ‘ನನ್ನನ್ನು ಈ ಕೆಲಸದಿಂದ ಬಿಡುಗಡೆ ಮಾಡಿರಿ, ನಮ್ಮ ಸಭೆಯ ಗವಿಸಿದ್ದೇಶನಿಗೆ ವಹಿಸಿರಿ’ ಎಂದು ಸಭೆಯ ಮುಂದೆ ಕೇಳಿಕೊಂಡಿದ್ದರು. ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಮೇಲಿನಿಂದ ಹುಕುಂ ಕೊಡುವ ದೊರೆ ಯಾರೂ ಇಲ್ಲ. ಏನಿದ್ದರೂ ಸಭೆಯವರೇ ಕೈಯೆತ್ತಿ ತೀರ್ಮಾನ ಮಾಡಬೇಕು. ಬೆಟಗೇರಿಯ ಈ ಸಭೆಯಲ್ಲಂತೂ ಇನ್ನೊಂದು ಪದ್ಧತಿ ಇತ್ತು. ಒಂದೇ ಒಂದು ಕೈ ಏಳದಿದ್ದರೂ ಆ ಮಾತನ್ನು ಮುಂದಕ್ಕೆ ಹಾಕಬೇಕು. ಮೂರು ಸಲವೂ ಎಲ್ಲರ ಕೈ ಎದ್ದವು, ಯಮನೂರಪ್ಪನದು ಏಳಲಿಲ್ಲ. ಹಾಗಾಗಿ ಹೋದ ಭಾನುವಾರವೂ ಪಾಸ್ಟರೇ ಕುರ್ಚಿಯ ಮೇಲೆ ಕೂತು, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರೆಳೆದುಕೊಂಡು ದೇವರ ವಾಕ್ಯ ಹೇಳಿದ್ದರು. ನಿನ್ನೆ ಸಂಜೆ, ಚಹಾದ ಬಟ್ಟಲು ಕೆಳಗಿಟ್ಟವರು ಹಾಗೆಯೇ ಗೋಡೆಗೆ ಒರಗಿ ಹೋಗಿಬಿಟ್ಟಿದ್ದರು.

ಯಮನೂರಪ್ಪನ ಹಟವೇ ಅವರನ್ನು ತಿಂದಿತು ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಅನ್ನದಿದ್ದರೂ ಆ ಮಾತು ಬೆಳಗಿನಿಂದ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿತ್ತು.

ಅವನು ಕೊನೆಗೂ ಒಂದು ಗಲ್ಲ ಮುಗಿಸಿ ಇನ್ನೊಂದಕ್ಕೆ ತಿರುಗಿದಾಗ ಸುಮಿತ್ರವ್ವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಿಡಿದು ಒಳಗೆ ಬಂದರು. ಪಾಸ್ಟರ ಹೆಂಡತಿ. ಯಮನೂರಪ್ಪ ತಲೆ ತಗ್ಗಿಸಿದ. ಈಗ ಬಿತ್ತು, ಈಗ ಬಿತ್ತು ಎಂದು ಅವರ ಮಾತಿಗಾಗಿ ಕಾದ. ಆಕೆ ಬಗ್ಗಿ ಗಂಡನ ಮುಖ ನೋಡಿದರು.

“ಕಿವಿ ಬಾಜೂಕ ಸ್ವಲ್ಪ ಉಳದೈತಿ ನೋಡ, ಯಮನೂರಣ್ಣಾ,” ಎಂದಷ್ಟೇ ಹೇಳಿ, ಅಂಗಿಯನ್ನು ಮಂಚದ ತುದಿಗಿಟ್ಟು ಹೊರಗೆ ಹೋದರು.

ಬೈದಿದ್ದರೆ ಚೆನ್ನಾಗಿತ್ತು.

*

ಕನಕರಾಜರು ಮುಂಡರಗಿ ಕಡೆಯವರು. ಬೆಟಗೇರಿಗೆ ಬಂದಾಗ ಅವರ ಮೀಸೆ ಕರ್ರಗಿತ್ತು. ನೇಕಾರರ ಓಣಿಯ ಹಳೆಯ ನೂಲಿನ ಗೋದಾಮೇ ಸಭೆಯ ಜಾಗ. ಮೇಲೆ ತಗಡು, ಕೆಳಗೆ ಚಾಪೆ. ಕೂಸುಗಳ ನೆತ್ತಿಗೆ ನೀರು ಚಿಮುಕಿಸುವ ಪದ್ಧತಿ ಇವರಲ್ಲಿಲ್ಲ. ತಿಳಿವಳಿಕೆ ಬಂದವರು ತಾವಾಗಿ ಮುಂದೆ ಬಂದು, ತಲೆ ಸಮೇತ ನೀರಿನಲ್ಲಿ ಮುಳುಗಿ ಏಳಬೇಕು. ಹೊಳೆಯೋ ದೂರ. ನೂಲಿಗೆ ಬಣ್ಣ ಹಾಕುವವರ ತೊಟ್ಟಿಯೇ ಅದಕ್ಕೂ ಗತಿ.

ಯಮನೂರಪ್ಪ ದೀಕ್ಷಾಸ್ನಾನಕ್ಕೆ ನಿಂತದ್ದು ಚಳಿಗಾಲದ ಒಂದು ಬೆಳಿಗ್ಗೆ. ಸೊಂಟದವರೆಗೆ ನೀರಿಗಿಳಿದ ಪಾಸ್ಟರು ‘ತಯಾರ ಅದಿಯೇನಪಾ’ ಎಂದು ಕೇಳಿದರೆ ಇವನು ಇಲ್ಲವೆಂದ. ನೀರು ಭಾಳ ತಣ್ಣಗಿತ್ತಂತೆ. ನೆರೆದವರೆಲ್ಲ ನಕ್ಕರು. ಪಾಸ್ಟರು ನಗಲಿಲ್ಲ. ಮೇಲೆ ಹತ್ತಿ, ಒದ್ದೆ ಬಟ್ಟೆಯಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಬಿಸಿಲು ಏರುವವರೆಗೆ ಅವನ ಜೊತೆ ಜೋಳದ ಬೆಳೆಯ ಸುದ್ದಿ ಮಾತಾಡಿದರು. ಆಮೇಲೆ ಮುಳುಗಿ ಎದ್ದಾಗ ಯಮನೂರಪ್ಪನ ಬಿಳಿ ಅಂಗಿ ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ತೊಟ್ಟಿಯನ್ನು ಯಾರೋ ಸರಿಯಾಗಿ ತೊಳೆದಿರಲಿಲ್ಲ.

ಆ ಕೈಯೆತ್ತುವ ಪದ್ಧತಿ ಹುಟ್ಟಿದ್ದು ಅದಾದ ಎರಡು ಮಳೆಗಾಲಕ್ಕೆ, ಒಂದು ಡೋಲಕ್ಕಿನ ದೆಸೆಯಿಂದ. ಹಾಡುವಾಗ ಡೋಲಕ್ಕು ಬೇಕೆಂದರು ಹೆಚ್ಚಿನವರು, ಬೇಡವೆಂದರು ಕೆಲವರು. ಕೈ ಎಣಿಸಿದರು. ಬೇಕೆಂದವರು ಗೆದ್ದರು, ಡೋಲಕ್ಕು ಬಂತು. ಬೇಡವೆಂದವರು ಹೆಂಡಿರು ಮಕ್ಕಳನ್ನು ಕರೆದುಕೊಂಡು ಹೊರಟುಹೋದರು. ಮುಂದಿನ ಭಾನುವಾರ ಕನಕರಾಜರು ವಾಕ್ಯ ಹೇಳಲಿಲ್ಲ. ಚಾಪೆಯ ಮೇಲೆ ಎಲ್ಲರ ನಡುವೆ ಕೂತು, ಖಾಲಿಯಾದ ಮೂಲೆಯನ್ನು ಬಹಳ ಹೊತ್ತು ನೋಡಿದರು.

“ಗೆದ್ದವರು ಇಲ್ಲಿ ಕುಂತೀವಿ, ಸೋತವರು ಹೊಂಟು ಹೋದ್ರು,” ಎಂದರು. “ಇದು ಎಲೆಕ್ಷನ್ ಆತು, ಸಭಿ ಆಗಲಿಲ್ಲ. ಇನ್ನ ಮ್ಯಾಲ ಒಬ್ಬರ ಕೈ ಏಳಲಿಲ್ಲಂದ್ರೂ ಕಾಯೋಣು. ಏಳಲಾರದ ಕೈಯಾಗ ಏನೈತಿ ಅಂತ ನೋಡೂದ ನನ್ನ ಕೆಲಸ. ಭಾನುವಾರದ ಭಾಷಣ ಯಾರ ಬೇಕಾದ್ರೂ ಮಾಡ್ತಾರ.”

ಬೇರೆ ಊರಿನ ಪಾಸ್ಟರುಗಳು ಇದನ್ನು ಕೇಳಿ ನಕ್ಕರು. ಹೀಗಾದರೆ ನಿಮ್ಮಲ್ಲಿ ಒಂದು ಮೊಳೆಯನ್ನೂ ಹೊಡೆಯಲಾಗುವುದಿಲ್ಲ ಎಂದರು. ಅದೂ ಸುಳ್ಳಲ್ಲ. ಫ್ಯಾನು ಬರುವುದಕ್ಕೆ ಮೂರು ಬೇಸಿಗೆ ಹಿಡಿಯಿತು. ಬೇಡವೆಂದವನು ಯಮನೂರಪ್ಪ, ಫ್ಯಾನಿನ ಗಾಳಿಗೆ ಮಂದಿ ನಿದ್ದೆ ಹೊಡೆಯುತ್ತಾರೆಂದು ಅವನ ವಾದ. ಹೊರಗೆ ಮೈಕು ಕಟ್ಟುವುದು ಬೇಡವೆಂದವನೂ ಅವನೇ. ಬೋರ್ಡಿನ ಮೇಲೆ ಪಾಸ್ಟರ ಹೆಸರು ಬರೆಸುವುದು ಬೇಡವೆಂದವನೂ ಅವನೇ.

ಯಾರ ಕೈ ಏಳಲಿಲ್ಲವೋ ಅವರ ಮನೆಗೆ ಸೋಮವಾರ ಕನಕರಾಜರ ಸವಾರಿ. ಹೀಗಾಗಿ ವರ್ಷದ ಅರ್ಧ ಸೋಮವಾರ ಯಮನೂರಪ್ಪನ ಮನೆಯಲ್ಲೇ ಕಳೆದವು. ಬಂದವರು ಉಪದೇಶ ಮಾಡುತ್ತಿರಲಿಲ್ಲ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಮುಗಿದು ಹೊಸ ಹಾಸು ಏರಿಸುವಾಗ, ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಕೆಚ್ಚುವುದು ಎನ್ನುತ್ತಾರೆ ಅದಕ್ಕೆ. ಸಾವಿರಾರು ಎಳೆ, ಇಡೀ ದಿನದ ಕೆಲಸ, ಎದುರುಬದುರು ಇಬ್ಬರು ಕೂತರೆ ಬೇಗ. ಪಾಸ್ಟರು ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಎದುರಿಗೆ ಕೂತುಬಿಡುತ್ತಿದ್ದರು. ಕೈಗೆ ಕೆಲಸವಿದ್ದರೆ ಮನುಷ್ಯ ಮುಖ ನೋಡದೆ ಮಾತಾಡುತ್ತಾನೆ, ಮುಖ ನೋಡದಿದ್ದರೆ ಖರೆ ಮಾತಾಡುತ್ತಾನೆ ಎಂಬುದು ಅವರ ಲೆಕ್ಕ. ಹೆಂಡತಿ ತೀರಿಕೊಂಡ ಸುದ್ದಿಯನ್ನೂ, ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟ ಸುದ್ದಿಯನ್ನೂ ಯಮನೂರಪ್ಪ ಹಾಗೆಯೇ ಎಳೆಗಳ ಮೇಲೆ ಕಣ್ಣಿಟ್ಟುಕೊಂಡು ಹೇಳಿ ಮುಗಿಸಿದ್ದ. ಪ್ರಾರ್ಥನೆಯೂ ಅಲ್ಲೇ. ಕೈ ಮುಗಿಯಲು ಹೋದರೆ ಎಳೆ ತಪ್ಪುತ್ತದೆಂದು, ನೂಲು ಹಿಡಿದುಕೊಂಡೇ ಪಾಸ್ಟರು ದೇವರ ಜೊತೆ ಮಾತಾಡುತ್ತಿದ್ದರು.

*

ಹುಬ್ಬಳ್ಳಿಯಿಂದ ಹಿರಿಯ ಪಾಸ್ಟರು ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಿಳಿ ಕಾರು ಓಣಿಯೊಳಗೆ ಹಿಡಿಯದೆ ಮೂಲೆಯಲ್ಲೇ ನಿಂತಿತು. ಕಪ್ಪು ಕೋಟು ಹಾಕಿದ ಸೌಮ್ಯ ಮನುಷ್ಯ. ಶವಪೆಟ್ಟಿಗೆಯಲ್ಲಿ ಮಲಗಿಸಿ ಅಂಗಳಕ್ಕೆ ತಂದಿದ್ದ ಕನಕರಾಜರ ಕಾಲ ಹತ್ತಿರ ನಿಂತು ಕಣ್ಣು ಒರೆಸಿಕೊಂಡದ್ದು ತೋರಿಕೆಯದಾಗಿರಲಿಲ್ಲ.

ಅಂಗಳದ ತುಂಬ ಜನ. ಲಕ್ಷ್ಮೇಶ್ವರದಿಂದ, ಶಿರಹಟ್ಟಿಯಿಂದ ಸಣ್ಣ ಸಣ್ಣ ಸಭೆಗಳವರು ಬಂದಿದ್ದರು. ಓಣಿಯ ಹೆಣ್ಣುಮಕ್ಕಳು ಕುಂಕುಮದ ಹಣೆಯಲ್ಲೇ ಬಂದು ಸುಮಿತ್ರವ್ವನ ಸುತ್ತ ಕೂತಿದ್ದರು. ಸಭೆಯ ಗೋದಾಮಿನ ಬಾಜೂ ಮನೆಯ ಕರೀಮಸಾಬ ಬೆಳಗಿನಿಂದ ಎರಡು ಸಲ ಚಹಾ ಕಾಸಿ ತಂದಿದ್ದ. ಬಂದವರಿಗೆಲ್ಲ ಅವನದೊಂದು ಕತೆ. ಇಷ್ಟು ವರ್ಷ ಗೋಡೆಗೆ ಗೋಡೆ ಹಚ್ಚಿ ಬದುಕಿದ್ದೇವೆ, ಒಂದು ದಿನ ಇವರ ಮೈಕಿನ ಸದ್ದು ಕೇಳಿದವನಲ್ಲ, ನನ್ನ ತಾಯಿ ಹಾಸಿಗೆ ಹಿಡಿದಾಗಂತೂ ಹಾಡನ್ನೂ ಪಿಸುಮಾತಿನಲ್ಲಿ ಹಾಡಿದರು ಎಂದು. ಮೈಕು ಬೇಡವೆಂದು ಕೈ ಕೆಳಗಿಟ್ಟವನು ಯಾರೆಂಬುದು ಅವನಿಗೆ ಗೊತ್ತಿರಲಿಲ್ಲ. ಯಮನೂರಪ್ಪ ಹೇಳಿಕೊಳ್ಳಲೂ ಇಲ್ಲ.

ಗವಿಸಿದ್ದೇಶ ಒಂದು ಮೂಲೆಯಲ್ಲಿ ನಿಂತಿದ್ದ. ಲಕ್ಷ್ಮೇಶ್ವರದ ಕಡೆಯ ಹುಡುಗ. ಹುಡುಗನೆಂದರೂ ಎರಡು ಮಕ್ಕಳ ತಂದೆ. ಬೆಟಗೇರಿ ಬಸ್ ಸ್ಟ್ಯಾಂಡ್ ಹತ್ತಿರ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದ. ಎಷ್ಟು ತಿಕ್ಕಿದರೂ ಉಗುರಿನ ಕಪ್ಪು ಹೋಗಿರಲಿಲ್ಲ. ಅದನ್ನು ಮುಚ್ಚಲೆಂದು ಬೈಬಲನ್ನು ಎದೆಗವಚಿಕೊಂಡಿದ್ದನೋ, ಅಂಜಿಕೆಗೋ, ಹೇಳುವುದು ಕಷ್ಟ.

ಹಿರಿಯ ಪಾಸ್ಟರು ಗಡಿಯಾರ ನೋಡಿಕೊಂಡು, ಇನ್ನು ಎತ್ತೋಣವೇ ಎಂದು ಸುಮಿತ್ರವ್ವನನ್ನು ಮೆಲ್ಲಗೆ ಕೇಳಿದರು. ಸಮಾಧಿಯ ಆರಾಧನೆ ತಾವು ನಡೆಸಿಕೊಡುವುದಾಗಿ ಹೇಳಿದರು. ಆಕೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

“ಮಣ್ಣು ಮಾಡೋರು ಯಾರಂತ ಸಭಿ ಹೇಳಬೇಕ್ರಿ. ಇವರು ಕೇಳಿಕೊಂಡಿದ್ದ ಮಾತು ಇನ್ನೂ ಹಂಗ ನಿಂತೈತಿ. ಬಿಡುಗಡಿ ಮಾಡ್ರಿ, ಗವಿಸಿದ್ದೇಶನ ಕೈಯಾಗ ಕೊಡ್ರಿ ಅಂತ.”

“ಅಮ್ಮಾ, ಕರ್ತನ ಅವರನ್ನ ಬಿಡುಗಡಿ ಮಾಡ್ಯಾನಲ್ರಿ.”

“ಕರ್ತ ಮಾಡ್ಯಾನ್ರಿ. ಸಭಿ ಮಾಡಿಲ್ಲ.”

ಹಿರಿಯ ಪಾಸ್ಟರು ಕುರ್ಚಿ ಎಳೆದುಕೊಂಡು ಕೂತರು. ಸುಮಿತ್ರವ್ವ ಯಾರ ಮುಖವನ್ನೂ ನೋಡದೆ, ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟು ಹೇಳಿದರು:

“ಜೀವ ಇದ್ದಾಗ ಕೇಳ್ಯಾರ. ಉತ್ತರ ಕೊಡದ ಹೆಂಗ ಕಳಸ್ತೀರಿ? ಹೂಂ ಅನ್ನೋರು ಕೈ ಎತ್ರಿ.”

*

ಮೂರನೆಯ ಸಲ ಕೇಳಿ ಇಲ್ಲವೆನಿಸಿಕೊಂಡ ಮರುದಿನ, ಅಂದರೆ ಹೋದ ವಾರದ ಸೋಮವಾರ, ಕನಕರಾಜರು ಫಕ್ಕೀರಪ್ಪನ ಆಟೋದಲ್ಲಿ ಯಮನೂರಪ್ಪನ ಮನೆಗೆ ಬಂದಿದ್ದರು. ಮಗ್ಗದ ಮೇಲೆ ಹೊಸ ಹಾಸು ಏರುತ್ತಿತ್ತು. ಬೇಡವೆಂದರೂ ಕೇಳದೆ ಎದುರಿಗೆ ಕೂತು ಎಳೆ ಹಿಡಿದರು.

“ಗವಿಸಿದ್ದೇಶ ಯಾಕ ಬ್ಯಾಡ?”

“ಅವ ಗಾಡಿ ರಿಪೇರಿ ಮಾಡಾಂವ. ಒಬ್ಬರನ್ನರ ಮಣ್ಣು ಮಾಡ್ಯಾನೇನ್ರಿ? ಮಾಡ್ಲಿ, ಆಮ್ಯಾಲ ನೋಡೋಣು.”

“ನಾ ಬಂದಾಗ ನಾನೂ ಮಾಡಿರಲಿಲ್ಲ.” ಪಾಸ್ಟರು ಇನ್ನೆರಡು ಎಳೆ ಹೊಸೆದರು. “ಖರೆ ಹೇಳಪಾ ಯಮನೂರಪ್ಪ. ಆ ಕೈಯಾಗ ಏನೈತಿ?”

ಯಮನೂರಪ್ಪ ಎಳೆಗಳನ್ನೇ ನೋಡುತ್ತಿದ್ದ. ಸೀರೆ ಒಯ್ಯುವ ಸಾಹುಕಾರ ಹೇಳಿದ ಕೂಲಿಗೆ ಅವನು ಹೂಂ ಅಂದವನು. ಅಣ್ಣ ತೋರಿಸಿದ ಪಾಲಿಗೆ ಹೂಂ ಅಂದವನು. ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ, ಮಗಳನ್ನು ಕೊಟ್ಟ ಬೀಗರ ಮನೆಯಲ್ಲಿ, ಎಲ್ಲ ಕಡೆ ಹೂಂ. ಅವನ ‘ಇಲ್ಲ’ಕ್ಕೆ ಎದ್ದು ಬಂದು, ಚಪ್ಪಲಿ ಬಿಟ್ಟು, ಎದುರಿಗೆ ಕೂತು ಯಾಕೆ ಎಂದು ಕೇಳಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ.

“ನೀವು ಹ್ವಾದ್ರ,” ಎಂದ, “ನಾ ಯಾರ ಮುಂದ ಇಲ್ಲ ಅನ್ಲಿ?”

ಕನಕರಾಜರು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮಿ ಕಣ್ಣಲ್ಲಿ ನೀರು ಬಂತು. ಹೊತ್ತು ಇಳಿಯುವವರೆಗೆ ಕೆಚ್ಚಿ, ಹೊರಡುವಾಗ ಅವನ ಭುಜ ಹಿಡಿದುಕೊಂಡು ಎದ್ದು ನಿಂತರು.

ಮರುದಿನ ಹಾಸು ಎಳೆದು ಬಿಗಿ ಮಾಡಿದಾಗ, ಪಾಸ್ಟರು ಕೂತಿದ್ದ ಕಡೆಯ ಎಳೆಗಳೆಲ್ಲ ಒಂದರ ಹಿಂದೊಂದು ಬಿಚ್ಚಿಕೊಂಡವು. ಅವರ ಬೆರಳಿನಲ್ಲಿ ಎರಡು ಎಳೆ ಹೊಸೆಯುವಷ್ಟು ಕಸುವೂ ಉಳಿದಿರಲಿಲ್ಲ. ಯಮನೂರಪ್ಪ ಯಾರಿಗೂ ಹೇಳದೆ ಒಬ್ಬನೇ ಕೂತು ಅಷ್ಟನ್ನೂ ಮತ್ತೆ ಕೂಡಿಸಿದ. ಮುಂದಿನ ಭಾನುವಾರ ಕೇಳಿದರೆ ಕೈ ಎತ್ತಿಬಿಡಬೇಕೆಂದು ಆವತ್ತೇ ಗಟ್ಟಿ ಮಾಡಿಕೊಂಡ.

ಆ ಭಾನುವಾರ ಪಾಸ್ಟರು ಕೇಳಲೇ ಇಲ್ಲ.

*

ಕೈಗಳು ಎದ್ದವು. ಬಳೆಯ ಕೈ, ಬಣ್ಣ ಹತ್ತಿದ ಕೈ, ಚಾಪೆಯ ಮೇಲೆ ಕೂತ ಮುದುಕಿಯರ ಬಾಗಿದ ಕೈ. ಫಕ್ಕೀರಪ್ಪನದು ಎಲ್ಲಕ್ಕಿಂತ ಮೇಲೆ. ಎಲ್ಲರೂ ಯಮನೂರಪ್ಪನ ಕಡೆ ತಿರುಗಿದರು.

ಅವನು ಎತ್ತಬೇಕೆಂದೇ ಇದ್ದ. ದೇವರಾಣೆಗೂ ಇದ್ದ. ಆದರೆ ಎತ್ತಿದರೆ ಕೆಲಸ ಮುಗಿಯಿತು. ಪೆಟ್ಟಿಗೆಯಲ್ಲಿ ಮಲಗಿದ ಆ ಮನುಷ್ಯ ಈಗಿನ್ನೂ ಅವನ ಪಾಸ್ಟರು. ಈ ಕೈ ಮೇಲೆ ಹೋದ ಮರುಗಳಿಗೆ ಅಲ್ಲ. ತೊಡೆಯ ಮೇಲಿನ ಕೈಯನ್ನು ನೋಡಿಕೊಂಡ. ಅದು ಬೇರೆ ಯಾರದೋ ಕೈಯಂತೆ ಬಿದ್ದಿತ್ತು.

“ಲೇ,” ಎಂದ ಫಕ್ಕೀರಪ್ಪ. ಅವನ ದನಿಯಲ್ಲಿ ಈಗ ಚೇಷ್ಟೆ ಇರಲಿಲ್ಲ. “ಇವತ್ತರ ಹೂಂ ಅನ್ನಪಾ.”

ಯಾರೋ ಗೊಣಗಿದರು. ಸಮಾಧಿ ಜಾಗದಲ್ಲಿ ಗುದ್ದು ತೋಡಿದವರು ಕಾಯುತ್ತಿದ್ದಾರೆ ಎಂದು ಇನ್ನಾರೋ ಅಂದರು. ಹಿರಿಯ ಪಾಸ್ಟರು ಮತ್ತೊಮ್ಮೆ ಗಡಿಯಾರ ನೋಡಿಕೊಂಡು, ಸಭೆಯ ಇಷ್ಟ ಸ್ಪಷ್ಟವಾಗಿದೆಯಲ್ಲ, ಒಬ್ಬರ ಸಲುವಾಗಿ ತಡೆಯುವುದು ಬೇಡವೇನೋ ಎಂದು ಸಮಾಧಾನದಿಂದಲೇ ಹೇಳಿದರು.

ಆಗ ಗವಿಸಿದ್ದೇಶ ಮೂಲೆ ಬಿಟ್ಟು ಬಂದ. ಜನ ದಾರಿ ಬಿಟ್ಟರು. ಅವನು ಯಮನೂರಪ್ಪನ ಎದುರಿಗೆ ಬಂದು, ನಿಂತು ಮಾತಾಡುವ ಬದಲು ನೆಲದ ಮೇಲೇ ಚಕ್ಕಳಬಕ್ಕಳ ಹಾಕಿ ಕೂತುಬಿಟ್ಟ.

“ಕಾಯೋಣ್ರಿ,” ಎಂದ. “ಒಂದು ಕೈ ಕಡಿಮಿ ಐತಿ.”

ಯಮನೂರಪ್ಪ ಅವನನ್ನು ನೋಡಿದ. ಇಬ್ಬರ ನಡುವೆ ಮಗ್ಗವೊಂದು ಇರಲಿಲ್ಲ, ಅಷ್ಟೆ.

“ನೀ ಯಾರನ್ನರ ಮಣ್ಣು ಮಾಡೀಯೇನು?”

“ಇಲ್ರಿ ಕಾಕಾ.”

“ಅಂಜಿಕಿ ಬರ್ತೈತಿ?”

“ಬರ್ತೈತ್ರಿ. ನಿನ್ನೆಯಿಂದ ಅನ್ನ ಇಳಿದಿಲ್ಲ.”

ಯಮನೂರಪ್ಪ ಮೊಣಕಾಲು ಹಿಡಿದುಕೊಂಡು ಎದ್ದು, ಪೆಟ್ಟಿಗೆಯ ತಲೆಕಡೆ ಹೋಗಿ ನಿಂತ.

“ಎತ್ರಿ,” ಎಂದ. “ನಡಕೋಂತ ವಿಚಾರ ಮಾಡ್ತೀನಿ.”

ಅಂಥಾ ಹೊತ್ತಿನಲ್ಲೂ ಹೆಂಗಸರ ನಡುವೆ ಒಂದು ನಗು ಸುಳಿದು ಹೋಯಿತು. ಸುಮಿತ್ರವ್ವ ಮಾತ್ರ ನಗಲಿಲ್ಲ.

“ಆತು ಯಮನೂರಣ್ಣಾ. ಮಣ್ಣು ಹಾಕೂದ್ರೊಳಗ ಹೇಳು,” ಎಂದರು.

ಗವಿಸಿದ್ದೇಶ ಬೈಬಲನ್ನು ಸುಮಿತ್ರವ್ವನ ಕೈಗೆ ಕೊಟ್ಟು ಇನ್ನೊಂದು ಮೂಲೆಗೆ ಹೆಗಲು ಕೊಟ್ಟ. ಹಿರಿಯ ಪಾಸ್ಟರು ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಯಾರೂ ಹೇಳದೆ ತಾವೂ ಹಿಂದೆ ಹೆಗಲು ಕೊಟ್ಟರು.

ಪೆಟ್ಟಿಗೆ ಓಣಿಯಲ್ಲಿ ನಡೆಯಿತು. ಒಂದೊಂದು ಮನೆ ಬಂದಂತೆ ಒಳಗಿನ ಮಗ್ಗದ ಸದ್ದು ನಿಲ್ಲುತ್ತಿತ್ತು, ದಾಟಿದ ಮೇಲೂ ಬಹಳ ಹೊತ್ತು ಮತ್ತೆ ಶುರುವಾಗುತ್ತಿರಲಿಲ್ಲ. ಯಮನೂರಪ್ಪ ಬಲ ಹೆಗಲ ಮೇಲೆ ಭಾರ ಹೊತ್ತು, ಬಲಗೈ ಮೇಲೆತ್ತಿ ಪೆಟ್ಟಿಗೆಯ ಅಂಚು ಹಿಡಿದಿದ್ದ. ಓಣಿ ಮುಗಿಯುವಲ್ಲಿ ಹೆಗಲು ಬದಲಿಸಿದರು. ಕರೀಮಸಾಬ ಬಂದು ಒಂದು ಕಡೆ ಹೊತ್ತ. ಫಕ್ಕೀರಪ್ಪ ಯಮನೂರಪ್ಪನ ಬೆನ್ನು ತಟ್ಟಿ ‘ಬಿಡು, ನಾ ಹಿಡೀತೀನಿ’ ಅಂದ. ಅವನು ತಲೆಯಾಡಿಸಿ ಬೇಡವೆಂದ. ಡಾಂಬರು ರಸ್ತೆಗೆ ಬಂದಾಗ ಮತ್ತೆ ಬದಲಿಸಿದರು. ಆಗಲೂ ಬಿಡಲಿಲ್ಲ. ಅಂಗಿಯ ತೋಳು ಮೊಣಕೈವರೆಗೆ ಜಾರಿ, ಬೆವರು ಕಂಕುಳಿನವರೆಗೆ ಇಳಿಯುತ್ತಿತ್ತು. ಬಸ್ಸೊಂದು ನಿಧಾನ ಮಾಡಿ, ಹಾರನ್ ಹೊಡೆಯದೆ, ಪಕ್ಕಕ್ಕೆ ಸರಿದು ಹೋಯಿತು.

ಸಮಾಧಿ ಜಾಗದಲ್ಲಿ ಕೆಂಪು ಮಣ್ಣಿನ ಗುಡ್ಡೆ ಕಾಯುತ್ತಿತ್ತು. ಗುದ್ದಿನ ಮೇಲೆ ಅಡ್ಡ ಇಟ್ಟಿದ್ದ ಹಲಗೆಗಳ ಹತ್ತಿರ ನಿಂತು, ನಿಧಾನ, ನಿಧಾನ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಪೆಟ್ಟಿಗೆ ಇಳಿಸಿದರು. ಹೊತ್ತವರೆಲ್ಲ ಹೆಗಲು ಉಜ್ಜಿಕೊಂಡರು, ಕೈ ಕೊಡವಿಕೊಂಡರು, ಪಂಜೆಯ ತುದಿಯಿಂದ ಮುಖ ಒರೆಸಿಕೊಂಡರು.

ಯಮನೂರಪ್ಪನ ಕೈ ಇಳಿಯಲಿಲ್ಲ.

ಪೆಟ್ಟಿಗೆ ಕೆಳಗಿತ್ತು, ಹಿಡಿಯುವುದಕ್ಕೆ ಏನೂ ಇರಲಿಲ್ಲ. ಆದರೂ ಅದು ಮೇಲೆಯೇ ನಿಂತಿತ್ತು, ಬಿಸಿಲಿನಲ್ಲಿ ಬೆರಳು ಬಿಚ್ಚಿಕೊಂಡು. ಸುಮಿತ್ರವ್ವ ಆ ಕೈಯನ್ನು ಒಂದು ಗಳಿಗೆ ನೋಡಿ, ತಮ್ಮ ಎದೆಗಿದ್ದ ಬೈಬಲನ್ನು ಗವಿಸಿದ್ದೇಶನ ಕಡೆ ಚಾಚಿದರು. ಅವನು ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡ. ಪುಟ ಹುಡುಕಿದ, ತಪ್ಪಿದ, ಮತ್ತೆ ಹುಡುಕಿದ. ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಓದತೊಡಗಿದಾಗಲೂ ಆ ಕೈ ಹಾಗೆಯೇ ಎದ್ದು ನಿಂತಿತ್ತು.